ನಾಲ್ಕು ಬಟ್ಟಲಿನ ಮನೆ

ಲುವಾ ಸಂತೆಯಿಂದ ನಾಲ್ಕು ಪುಟ್ಟ ಬಟ್ಟಲು ಕೊಂಡು ತಂದದ್ದು ಒಳ್ಳೆಯ ಮನಸ್ಸಿನಿಂದಲೇ. ಒಳ್ಳೆಯ ಮನಸ್ಸಿನಿಂದ ಮಾಡಿದ್ದಕ್ಕೆ ಮನೆಯಲ್ಲಿ ಯಾರೂ ಮುಖ ಊದಿಸುವುದಿಲ್ಲ ಎಂದುಕೊಂಡಳಲ್ಲ, ಅಲ್ಲಿ ಮಾತ್ರ ಅವಳು ಎಡವಿದಳು.

ಲಾಂಗ್ ಸೊನ್ ಊರಿಗೆ ಆ ವರ್ಷದ ಮೊದಲ ಉತ್ತರದ ಗಾಳಿ ಅವತ್ತೇ ಬಂದಿತ್ತು. ಮಾವ್ ಸೊನ್ ಬೆಟ್ಟದ ತಲೆ ಬೆಳಗಿನಿಂದ ಕಂಡಿರಲಿಲ್ಲ. ಲುವಾ ಸಂತೆಯಲ್ಲಿ ಸೊಪ್ಪು ಮಾರುವವಳು. ಅವಳ ಗೂಡಂಗಡಿಯಲ್ಲಿದ್ದ ಶುಂಠಿ, ನಿಂಬೆಹುಲ್ಲು, ಹಬೆ ತೆಗೆದುಕೊಳ್ಳುವ ಎಲೆಗಳ ಕಟ್ಟು ಎಲ್ಲ ಮಧ್ಯಾಹ್ನದೊಳಗೆ ಖಾಲಿಯಾಗಿತ್ತು. ಊರಿಗೆ ಊರೇ ಸೀನುವುದಕ್ಕೆ ತಯಾರಾಗುತ್ತಿತ್ತು. ಲುವಾಳೂ ತಯಾರಾಗಬೇಕಿತ್ತು, ಎಲ್ಲರಿಗಿಂತ ಮೊದಲೇ.

ಯಾಕೆಂದರೆ ಹಿಂದಿನ ಚಳಿಗಾಲ ಅವಳಿಗೆ ಇನ್ನೂ ಮರೆತಿರಲಿಲ್ಲ. ಮಗಳು ಮಿಯಾ ಶಾಲೆಯಿಂದ ಶೀತಜ್ವರ ಹೊತ್ತು ತಂದಳು. ಅವರ ಮಾತಿನಲ್ಲಿ ಮಿಯಾ ಅಂದರೆ ಕಬ್ಬು. ಅಷ್ಟು ಸಪೂರ, ಅಷ್ಟೇ ಸಿಹಿ ಎಂದು ಅಜ್ಜ ಇಟ್ಟ ಹೆಸರು. ಆರು ವರ್ಷದ ಮಗು, ನಾಲ್ಕು ದಿನ ಮಲಗಿ ಎದ್ದು ಕುಣಿಯುತ್ತ ಹೋಯಿತು. ಅದೇ ಜ್ವರ ಅಜ್ಜನ ಎದೆಗೆ ಇಳಿಯಿತು. ಲುವಾಳ ಮಾವ ಖೋಯ್ ಅಜ್ಜ ದೊಡ್ಡಾಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ. ಲುವಾ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಳು. ಬಿಡುಗಡೆ ಮಾಡುವಾಗ ಡಾಕ್ಟರು, "ಈ ಸಲ ಹೇಗೋ ಪಾರಾದ್ರು. ಇನ್ನೊಂದು ಸಲ ಹೀಗಾದ್ರೆ ನಾನು ಮಾತು ಕೊಡಕ್ಕಾಗಲ್ಲಮ್ಮ" ಅಂದಿದ್ದರು. ಆ ಮಾತು ಲುವಾಳ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು.

ಹಾಗಾಗಿ ಈ ಸಲ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ಹೆಂಗಸರ ಸಭೆ ಕರೆದಾಗ ಅವಳು ಮುಂದಿನ ಸಾಲಿನಲ್ಲೇ ಕೂತಳು. ದಾದಿ ತುಕ್ ಹೇಳಿದ್ದನ್ನೆಲ್ಲ ಕಿವಿಗೆ ಹಾಕಿಕೊಂಡಳು. ಚಳಿಗಾಲದಲ್ಲಿ ಮೈಯ ತಡೆಯುವ ಶಕ್ತಿ ಕುಗ್ಗದ ಹಾಗೆ ನೋಡಿಕೊಳ್ಳಿ, ಮುದುಕರಿಗೆ ಶೀತಜ್ವರದ ಸೂಜಿ ಹಾಕಿಸಿ, ಮೊಟ್ಟೆ ಮೀನು ಸೊಪ್ಪು ಕಿತ್ತಳೆ ತಿನ್ನಿಸಿ, ಹೊತ್ತಿಗೆ ಸರಿಯಾಗಿ ಮಲಗಿಸಿ, ಬಿಸಿಲು ಬಂದಾಗ ಕಿಟಕಿ ತೆಗೀರಿ. ಕೊನೆಗೆ ಒಂದು ಮಾತು: "ಹರಿವಾಣದ ಮಧ್ಯೆ ಒಂದೇ ಬಟ್ಟಲು ಮೀನಿನ ರಸ ಇಟ್ಟು ಮನೆಯವರೆಲ್ಲ ಅದರಲ್ಲೇ ಅದ್ದಿ ತಿನ್ನೋದು ಬಿಡಿ. ಬಾಯಿಗೆ ಹೋದ ಊಟದ ಕಡ್ಡಿನೇ ಮತ್ತೆ ಬಟ್ಟಲಿಗೆ ಹೋಗುತ್ತೆ. ಒಬ್ಬರ ಜ್ವರ ಎಲ್ಲರಿಗೂ ಹಂಚಿದ ಹಾಗೆ."

ಹೆಂಗಸರು ನಕ್ಕರು. ಲುವಾ ನಗಲಿಲ್ಲ. ಎದ್ದು ನೇರ ಪಿಂಗಾಣಿ ಅಂಗಡಿಗೆ ಹೋದಳು.

ಸಂಜೆ ಹರಿವಾಣ ಇಟ್ಟಾಯಿತು. ಹುರಿದ ಸೋಯಾ ಪನೀರು, ಬೇಯಿಸಿದ ಸಾಸಿವೆ ಸೊಪ್ಪು, ಕೆರೆಮೀನು, ಅನ್ನದ ಪಾತ್ರೆ. ನಡುವೆ ಯಾವಾಗಲೂ ಇರುತ್ತಿದ್ದ ದೊಡ್ಡ ಬಟ್ಟಲು ಇರಲಿಲ್ಲ. ಅದರ ಬದಲು ಒಬ್ಬೊಬ್ಬರ ಮುಂದೆಯೂ ಒಂದೊಂದು ಪುಟ್ಟ ಬಟ್ಟಲು. ಮಿಯಾ ದಿನದಂತೆ ಕೈಕಟ್ಟಿ ಹಿರಿಯರನ್ನು ಕರೆದಳು: "ಅಜ್ಜ ಊಟಕ್ಕೆ ಬನ್ನಿ. ಅಪ್ಪ ಊಟಕ್ಕೆ ಬನ್ನಿ. ಅಮ್ಮ ಊಟಕ್ಕೆ ಬನ್ನಿ." ಕರೆಯದೆ ಕಡ್ಡಿ ಎತ್ತಿದರೆ ಆ ಮನೆಯಲ್ಲಿ ಬೆನ್ನಿಗೆ ಬೀಳುತ್ತಿತ್ತು.

ಅಜ್ಜ ಕಡ್ಡಿ ಎತ್ತಲಿಲ್ಲ. ತನ್ನ ಮುಂದಿನ ಬಟ್ಟಲನ್ನೇ ನೋಡುತ್ತಿದ್ದ.

"ಇದೇನು?"

"ಮೀನಿನ ರಸ ಅಪ್ಪಾ." ಮದುವೆಯಾದಂದಿನಿಂದ ಲುವಾ ಮಾವನನ್ನು ಅಪ್ಪಾ ಎಂದೇ ಕರೆಯುತ್ತಿದ್ದಳು. "ಈ ಚಳಿ ಮುಗಿಯೋ ತನಕ ಎಲ್ಲರಿಗೂ ಬೇರೆ ಬೇರೆ. ಕೇಂದ್ರದಲ್ಲಿ ಹೇಳಿದ್ರು."

"ಮನೆ ಪಾಲಾಯ್ತಾ? ನಂಗೆ ಹೇಳ್ಲೇ ಇಲ್ಲ?"

"ಪಾಲೇನು ಬಂತು. ನಿಮ್ಮ ಎದೆಗೆ ಒಳ್ಳೇದು ಅಂತ."

"ಓಹೋ. ನನ್ನ ಬಾಯಿ ನಂಜಾಗಿದೆ ಅನ್ನು."

"ಅಯ್ಯೋ, ನಿಮ್ಮ ಬಾಯಲ್ಲ, ನಮ್ಮ ಬಾಯಿ ನಂಜು! ಮಗು ಶಾಲೆಯಿಂದ ತರುತ್ತೆ, ನಾನು ಸಂತೆಯಿಂದ, ನಿಮ್ಮ ಮಗ ಗಡಿಯಿಂದ. ನಿಮಗೆ ಅಂಟಬಾರದು ಅಂತ ತಾನೇ?"

ಗಂಡ ತ್ವಾನ್ ಗಡಿಯ ಹತ್ತಿರ ಹಣ್ಣಿನ ಲಾರಿಗಳಿಗೆ ಹೇರುವ ಇಳಿಸುವ ಕೆಲಸದವನು. ಹಸಿದು ಬಂದಿದ್ದ. "ಅಪ್ಪ, ಇವತ್ತೊಂದಿನ ತಿನ್ನಿ. ನಂದರಲ್ಲಿ ಮೆಣಸಿನಕಾಯಿ ಜಾಸ್ತಿ ಹಾಕಿದಾಳೆ, ನೋಡಿ ನನ್ನ ಭಾಗ್ಯ" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಅಜ್ಜ ಮೀನಿನ ಕೆನ್ನೆಯ ಮೆತ್ತನೆ ತುಂಡು ಕಿತ್ತು ಅಭ್ಯಾಸದಂತೆ ಮಿಯಾಳ ಅನ್ನದ ಬಟ್ಟಲಿಗೆ ಹಾಕಲು ಕೈ ನೀಡಿದ. ಲುವಾ ಮೆಲ್ಲಗೆ, "ಅಪ್ಪಾ, ಹಾಕೋಕೆ ಬೇರೆ ಕಡ್ಡಿ ಇಟ್ಟಿದೀನಿ" ಅಂದಳು. ಮೀನಿನ ತುಂಡು ಗಾಳಿಯಲ್ಲೇ ನಿಂತಿತು. ಅಜ್ಜ ಅದನ್ನು ವಾಪಸು ತಟ್ಟೆಗಿಟ್ಟು, ಬರಿ ಅನ್ನಕ್ಕೆ ಸೊಪ್ಪಿನ ನೀರು ಹುಯ್ದುಕೊಂಡು ಉಂಡು ಎದ್ದುಬಿಟ್ಟ. ಅವನ ಮುಂದಿನ ಬಟ್ಟಲಿನ ರಸ ಹಾಗೇ ಇತ್ತು.

ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡಳು ಲುವಾ. ಮುದುಕರ ಹಟ, ಬಿಡು.

ಎರಡನೇ ಪೆಟ್ಟನ್ನೂ ಅವಳೇ ಕೊಟ್ಟಳು. ಮಿಯಾ ಹುಟ್ಟಿ ಹಾಲು ಬಿಟ್ಟಾಗಿನಿಂದ ಅಜ್ಜನ ಮಗ್ಗುಲಲ್ಲೇ ಮಲಗುತ್ತಿದ್ದಳು. ಆ ವಾರ ಶಾಲೆಯಲ್ಲಿ ಅರ್ಧ ತರಗತಿ ಕೆಮ್ಮುತ್ತಿದೆ ಎಂದು ಗೊತ್ತಾದದ್ದೇ ಲುವಾ ಮಗಳ ದಿಂಬು ಎತ್ತಿ ತನ್ನ ಕೋಣೆಗೆ ತಂದಳು.

"ಅಮ್ಮಾ, ನಾನಿಲ್ದಿದ್ರೆ ಅಜ್ಜನ ಕಾಲು ಬಿಸಿ ಆಗಲ್ಲ."

"ಬಿಸಿನೀರಿನ ಚೀಲ ಇಟ್ಟಿದೀನಿ."

"ಚೀಲಕ್ಕೆ ಕಥೆ ಹೇಳಕ್ಕಾಗುತ್ತಾ?"

"ನಿನ್ನ ಬಾಯಿಗಿಷ್ಟು! ಮಲಕ್ಕೋ."

ಗೋಡೆಯ ಆಚೆ ಅಜ್ಜ ಕೆಮ್ಮಿದ. ಅದು ಕಾಯಿಲೆಯ ಕೆಮ್ಮಲ್ಲ, ನಾನು ಕೇಳಿಸಿಕೊಂಡೆ ಎನ್ನುವ ಕೆಮ್ಮು. ಲುವಾಳಿಗೆ ಅದು ತಿಳಿಯಿತು, ತಿಳಿದರೂ ಮಗ್ಗುಲು ಬದಲಿಸಿ ಮಲಗಿದಳು. ಪಾಪ, ಅವಳಿಗೂ ನಿದ್ದೆ ಬರಲಿಲ್ಲ.

ಆಮೇಲೆ ಅಜ್ಜನಿಗೆ ಸಂಜೆ ಹಸಿವೇ ಆಗದಂತಾಯಿತು. ಊಟದ ಹೊತ್ತಿಗೆ ಸರಿಯಾಗಿ ಟೋಪಿ ಹಾಕಿಕೊಂಡು ನದಿಯ ಕಡೆ ಹೋಗುವುದು, ಹರಿವಾಣ ಎತ್ತುವ ಹೊತ್ತಿಗೆ ಬರುವುದು. ಕೇಳಿದರೆ, "ಸೂ ಅಂಗಡೀಲಿ ಶಾವಿಗೆ ತಿಂದೆ. ಹೊಟ್ಟೆ ಭರ್ತಿ" ಅನ್ನುವುದು. ಬೆಳಿಗ್ಗೆ ಇಷ್ಟು ಗಂಜಿ, ಮಧ್ಯಾಹ್ನ ಇಷ್ಟು ಅನ್ನ. ಲುವಾ ಬಗೆಬಗೆಯಾಗಿ ಮಾಡಿ ನೋಡಿದಳು. ಮಾಚಿಪತ್ರೆ ಹಾಕಿ ಕರಿಕೋಳಿ ಬೇಯಿಸಿದಳು, ಮೊಟ್ಟೆ ಒಡೆದು ಎಳ್ಳೆಣ್ಣೆಯಲ್ಲಿ ಹುರಿದಳು, ಪುಟ್ಟ ಕಿತ್ತಳೆಯನ್ನು ಜೇನಿನಲ್ಲಿ ಹಬೆಯಾಡಿಸಿದಳು. ಅಜ್ಜ ಒಂದು ತುತ್ತು ಬಾಯಿಗಿಟ್ಟು, "ಚೆನ್ನಾಗಿದೆ, ಮಗೂಗೆ ಕೊಡು" ಅನ್ನುತ್ತಿದ್ದ. ಸಿಟ್ಟಿನಲ್ಲಿ ಬೈದಿದ್ದರೆ ಲುವಾ ತಿರುಗಿ ಬೈಯಬಹುದಿತ್ತು. ಇಷ್ಟು ಒಳ್ಳೆಯ ಮಾತಾಡಿದರೆ ಏನು ಮಾಡುವುದು?

ಒಂದು ಮಧ್ಯಾಹ್ನ ನದಿದಂಡೆಯ ಚಹಾ ಅಂಗಡಿಯ ಸೂ ಶುಂಠಿ ಕೊಳ್ಳಲು ಸಂತೆಗೆ ಬಂದಳು.

"ನಿಮ್ಮ ಮಾವ ದಿನಾ ಬರ್ತಾರಲ್ಲಮ್ಮ, ಮನೇಲಿ ಏನಾದ್ರೂ ತಾಪತ್ರಯನಾ?"

"ನಿನ್ನ ಶಾವಿಗೆಗೆ ಮರುಳಾಗಿದಾರೆ ಕಣೆ. ಏನು ಹಾಕ್ತೀಯ ಅದಕ್ಕೆ?"

"ಶಾವಿಗೆನಾ? ನನ್ನ ಅಂಗಡೀಲಿ ಶಾವಿಗೆ ಎಲ್ಲಿಂದ ಬಂತು? ಒಂದು ಲೋಟ ಹಸಿರು ಚಹಾ ಇಟ್ಕೊಂಡು ಕೂರ್ತಾರೆ. ತಣ್ಣಗಾದ್ರೂ ಕುಡಿಯಲ್ಲ. ನಿಮ್ಮನೆ ದೀಪದ ಕಡೆ ನೋಡ್ತಾ ಇರ್ತಾರೆ, ಊಟ ಆಯ್ತಾ ಇಲ್ವಾ ಅಂತ."

ಲುವಾಳ ಕೈಯಲ್ಲಿದ್ದ ಶುಂಠಿ ಕೆಳಗೆ ಬಿತ್ತು. ಸೂ ಹೋದ ಮೇಲೂ ಅವಳು ಅದನ್ನು ಎತ್ತಲಿಲ್ಲ.

ಮಾರನೇ ದಿನ ಬಲವಂತ ಮಾಡಿ ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ದಪ್ಪ ಕೋಟು ಬಿಚ್ಚಿದಾಗ ಒಳಗೆ ಇದ್ದವನು ಬೇರೆ ಯಾರೋ ಅನ್ನಿಸಿತು. ಸೊಂಟದ ಪಟ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದ. ದಾದಿ ತುಕ್ ತೂಕದ ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದಳು.

"ಏನಜ್ಜ ಇದು? ಹೋದ ತಿಂಗಳು ಸೂಜಿ ಹಾಕುವಾಗ ಹೀಗಿರ್ಲಿಲ್ವಲ್ಲ. ಊಟ ಮಾಡ್ತಾ ಇಲ್ವಾ?"

"ಮಾಡ್ತೀನಿ. ವಯಸ್ಸಾಯ್ತಲ್ಲ."

"ವಯಸ್ಸು ತಿಂಗಳಲ್ಲಿ ಇಷ್ಟು ತಿನ್ನಲ್ಲ. ನೋಡಿ, ನಾನು ಹಾಕಿದ ಸೂಜಿ ಒಳಗೆ ಹೋಗಿ ತಾನೊಂದೇ ಏನೂ ಮಾಡಕ್ಕಾಗಲ್ಲ. ನಿಮ್ಮ ಮೈಯಲ್ಲಿ ಬಲ ಇದ್ರೆ ಆ ಬಲಕ್ಕೆ ದಾರಿ ತೋರಿಸುತ್ತೆ, ಅಷ್ಟೇ. ಈ ಮೈಗೆ ಈಗ ಜ್ವರ ಬಂದ್ರೆ ಎದುರು ನಿಲ್ಲೋರೇ ಇಲ್ಲ ಒಳಗೆ." ಆಮೇಲೆ ಲುವಾಳನ್ನು ಮೂಲೆಗೆ ಕರೆದು ಕೇಳಿದಳು: "ಮನೇಲಿ ಹಸಿದು ಮಲಗೋ ಹಾಗೆ ಮಾಡಿದೀರಾ ಮುದುಕನ್ನ?"

ಆ ಮಾತಿಗೆ ಲುವಾಳಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರಾತ್ರಿ ಗಂಡಹೆಂಡಿರಿಗೆ ಜಗಳವಾಯಿತು, ಅಡುಗೆಮನೆಯಲ್ಲಿ, ಪಿಸುಮಾತಿನಲ್ಲಿ.

"ಎತ್ತಿಡು ಮಾರಾಯ್ತಿ ಆ ಬಟ್ಟಲುಗಳನ್ನ. ಒಂದು ಹನಿ ರಸಕ್ಕೆ ಅಪ್ಪ ಉಪವಾಸ ಬೀಳೋದಾ?"

"ಎತ್ತಿಟ್ಟು? ಹೋದ ಸಲದ ಹಾಗೆ ಆದ್ರೆ? ನೀನು ಲಾರಿ ಹತ್ತಿರ ಇದ್ದೆ, ಆಸ್ಪತ್ರೇಲಿ ಅವರ ಉಸಿರು ಕೇಳ್ತಾ ಕೂತಿದ್ದು ನಾನು."

"ಅವರಿಗೆ ಅವಮಾನ ಆಗಿದೆ."

"ಏನು ಅವಮಾನ? ನನ್ನ ಮುಂದೂ ಅದೇ ಬಟ್ಟಲು, ನಿನ್ನ ಮುಂದೂ ಅದೇ ಬಟ್ಟಲು. ನನ್ನ ಹೆತ್ತಪ್ಪನ ಮುಖ ನಂಗೆ ನೆನಪಿಲ್ಲ. ಅಪ್ಪಾ ಅಂತ ಕರೆಯೋಕೆ ಇರೋದು ಇವರೊಬ್ರು. ಇವರನ್ನ ಉಳಿಸ್ಕೊಳ್ಳಕ್ಕೆ ಹೋದ್ರೆ ಎಲ್ಲರೂ ಸೇರಿ ನನ್ನನ್ನೇ ರಾಕ್ಷಸಿ ಮಾಡ್ತಿದೀರಿ." ಅವಳಿಗೆ ಅಳು ಬಂತು. ತ್ವಾನ್ ತಲೆ ಕೆರೆದುಕೊಂಡ. ಏನಾದರೂ ಮಾಡಬೇಕೆಂದು ತೋಚಿ, ಯಾರೂ ಕೇಳದಿದ್ದರೂ ಪಾತ್ರೆ ತೊಳೆಯಲು ಶುರುಮಾಡಿದ.

ಬೆಳಗಾಗುವ ಹೊತ್ತಿಗೆ ಲುವಾ ಸೋತಿದ್ದಳು. ಸಾಕು, ಅಂದುಕೊಂಡಳು. ಅಂಟಿದರೆ ಅಂಟಲಿ, ಮೊದಲು ಉಣ್ಣಲಿ. ಸಂತೆಗೆ ಹೋಗುವ ಮುಂಚೆ ಪುಟ್ಟ ಬಟ್ಟಲುಗಳನ್ನು ಪೇಪರಿನಲ್ಲಿ ಸುತ್ತಿ ಮೇಲಿನ ಹಲಗೆಗೆ ಇಟ್ಟಳು. ಸಂಜೆ ಬೇಗ ಬಂದು ಹಂದಿಯ ಮೂಳೆಸಾರು ಮಾಡಿದಳು, ಒಂದು ಕೆರೆಮೀನು ಹುರಿದಳು, ಉಪ್ಪುನೀರಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪಿನ ದಂಟು ಭರಣಿಯಿಂದ ತೆಗೆದಳು, ದೊಡ್ಡ ಬಟ್ಟಲಿಗೆ ಬೆಳ್ಳುಳ್ಳಿ ಜಜ್ಜಿ ಮೀನಿನ ರಸ ಹುಯ್ದಳು. ಅಜ್ಜ ಟೋಪಿ ಹಾಕಿಕೊಳ್ಳುವ ಮೊದಲೇ ಕರೆದು ತೋರಿಸಬೇಕು. ತೋರಿಸಿ, ಬನ್ನಿ ಅಪ್ಪಾ, ನಾನು ಸೋತೆ, ಅನ್ನಬೇಕು.

ಅಷ್ಟರಲ್ಲಿ ತ್ವಾನ್ ಮಿಯಾಳನ್ನು ಶಾಲೆಯಿಂದ ಹೆಗಲ ಮೇಲೆ ಹಾಕಿಕೊಂಡು ಬಂದ. ಮಗುವಿನ ಕೆನ್ನೆ ಕೆಂಪಾಗಿತ್ತು. ಲುವಾ ಹಣೆ ಮುಟ್ಟಿದಳು, ಕೈ ಹಿಂದಕ್ಕೆಳೆದುಕೊಂಡಳು. ಸುಡುತ್ತಿತ್ತು. ಕೇಂದ್ರಕ್ಕೆ ಹೊತ್ತುಕೊಂಡು ಹೋದರು. ಮೂಗಿನಲ್ಲಿ ಹತ್ತಿಯ ಕಡ್ಡಿ ಹಾಕಿ ನೋಡಿ, ಶೀತಜ್ವರವೇ, ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಇದೇ, ಅಂದಳು ತುಕ್. "ಮಗೂಗೆ ಭಯ ಇಲ್ಲ. ಬಿಸಿ ಗಂಜಿ, ನೀರು, ಔಷಧಿ, ನಿದ್ದೆ. ಆದ್ರೆ ಅಜ್ಜ ಆ ಕೋಣೆಗೆ ಕಾಲಿಡಬಾರದು. ಈಗ ಅವರಿರೋ ಸ್ಥಿತೀಲಿ ಬೇಡವೇ ಬೇಡ."

ಮನೆಗೆ ಬಂದವಳೇ ಲುವಾ ಹಿಂದಿನ ಕೋಣೆ ಖಾಲಿ ಮಾಡಿದಳು. ಈರುಳ್ಳಿ ಮೂಟೆ, ಸೈಕಲ್ಲು ಎಲ್ಲ ಹೊರಗೆ. ಮಂಚ ಹಾಕಿ, ಕಿಟಕಿ ಒಂದು ಗೇಣು ತೆಗೆದು, ಮಗುವಿಗೆ ಎರಡು ರಜಾಯಿ ಹೊದಿಸಿದಳು. ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ಹಲಗೆಯಿಂದ ಪುಟ್ಟ ಬಟ್ಟಲುಗಳು ಮತ್ತೆ ಇಳಿದು ಬಂದವು. ಈರುಳ್ಳಿ ಸೊಪ್ಪು ಉದುರಿಸಿದ ಗಂಜಿಯ ಬಟ್ಟಲನ್ನು ಒಂದು ಸಣ್ಣ ತಟ್ಟೆಯಲ್ಲಿಟ್ಟುಕೊಂಡು ಹಿಂದಿನ ಕೋಣೆಗೆ ಹೊರಟಳು. ಮಗುವಿಗೆ ಕೊಟ್ಟು, ಬಾಗಿಲು ಮುಚ್ಚಿ ಬಂದು, ಆಮೇಲೆ ದೊಡ್ಡವರಿಗೆ ಬಡಿಸುವುದು ಎಂದು ಅವಳ ಲೆಕ್ಕ.

ಓಣಿಯಂಥ ನಡುಹಾದಿಯಲ್ಲಿ ಅಜ್ಜ ಅಡ್ಡ ನಿಂತಿದ್ದ. ಬಾಗಿಲ ಎರಡು ಕಂಬಕ್ಕೂ ಎರಡು ಕೈ.

"ತಟ್ಟೆ ನಂಗೆ ಕೊಡು. ನಾನು ತಿನ್ನಿಸ್ತೀನಿ."

"ಅಪ್ಪಾ, ಪಕ್ಕಕ್ಕೆ ಬನ್ನಿ."

"ಒಬ್ಬಳೇ ಉಣ್ಣಬೇಕಾ ಅದು? ಆ ಕತ್ತಲೆ ಕೋಣೇಲಿ?"

"ದೀಪ ಹಾಕಿದೀನಿ. ನಾಲ್ಕೈದು ದಿನದ ಮಾತು."

"ಬಾಗಿಲು ಮುಚ್ತೀಯಾ?"

"ಮುಚ್ಚಲೇಬೇಕು."

ಅಜ್ಜ ಹಿಂದೆ ತಿರುಗಿ ಬಾಗಿಲಿಗೆ ಕೈ ಹಾಕಿದ. ಲುವಾ ತಟ್ಟೆಯನ್ನು ನೆಲಕ್ಕೆ ಕುಕ್ಕಿ, ಅವನ ಕೋಟಿನ ತೋಳು ಹಿಡಿದು ಎಳೆದಳು. ಮದುವೆಯಾಗಿ ಬಂದ ಮೇಲೆ ಮಾವನ ಮೈಮೇಲೆ ಅವಳು ಹಾಗೆ ಕೈ ಹಾಕಿದ್ದು ಅದೇ ಮೊದಲು.

"ಒಳಗೆ ಕಾಲಿಡೋದಾದ್ರೆ ನನ್ನ ಹೆಣ ದಾಟ್ಕೊಂಡು ಹೋಗಿ! ಊಟ ಬಿಟ್ಟು ಬಿಟ್ಟು ಹೀಗಾಗಿದೀರಿ, ಈಗ ಜ್ವರಾನೂ ತಬ್ಕೊಂಡು ಮಲಗ್ತೀರಾ? ಯಾಕೆ? ನನ್ನ ಮೇಲಿನ ಸಿಟ್ಟಿಗೆ ಸಾಯ್ತೀರಾ?"

"ಸಿಟ್ಟಾ?" ಅಜ್ಜನ ಧ್ವನಿ ಇದ್ದಕ್ಕಿದ್ದ ಹಾಗೆ ಸಣ್ಣದಾಯಿತು. ವರ್ಷಗಟ್ಟಲೆ ರೈಲ್ವೆ ಗೇಟು ಕಾಯುವ ಕೆಲಸದಲ್ಲಿ ಕೂಗಿ ಕೂಗಿ ದೊಡ್ಡದಾದ ಗಂಟಲು ಅದು. ಅಷ್ಟು ಸಣ್ಣದಾಗಿ ಮಾತಾಡಬಲ್ಲದು ಎಂದು ಲುವಾಳಿಗೆ ಗೊತ್ತಿರಲಿಲ್ಲ. "ನಿನ್ನ ಮೇಲೆ ನಂಗೇನು ಸಿಟ್ಟು ತಾಯಿ. ನಂಗೆ ಹೆದರಿಕೆ."

"ಏನು ಹೆದರಿಕೆ?"

ಅಜ್ಜ ಗೋಡೆಗೆ ಒರಗಿ ಹಾಗೇ ಕೂತುಬಿಟ್ಟ.

"ನಮ್ಮವ್ವಂಗೆ ಕ್ಷಯ ಬಂತು. ನಾನು ಮಿಯಾಗಿಂತ ಒಂದಿಷ್ಟು ದೊಡ್ಡವನು. ನಮ್ಮಜ್ಜಿ ಅವಳನ್ನ ಹಿಂದಿನ ಕೋಣೆಗೆ ಹಾಕಿದ್ಲು. ಬೇರೆ ಬಟ್ಟಲು, ಬೇರೆ ಕಡ್ಡಿ. ತಟ್ಟೆ ತಗೊಂಡು ಹೋಗೋದು ನನ್ನ ಕೆಲಸ. ಬಾಗಿಲಲ್ಲಿ ಇಟ್ಟು ಓಡಿ ಬಾ ಅನ್ನೋರು. ಇಟ್ಟು ಓಡಿ ಬರ್ತಿದ್ದೆ." ಅವನು ಉಸಿರು ಎಳೆದುಕೊಂಡ. "ನಾವು ಈ ಕಡೆ ಹರಿವಾಣದ ಮುಂದೆ ಕೂತ್ರೆ, ಅವಳು ಆ ಕಡೆಯಿಂದ ಗೋಡೆ ದಾಟೋ ಹಾಗೆ ಕರೆಯೋಳು. ಅತ್ತೆ ಊಟಕ್ಕೆ ಬನ್ನಿ, ಇವರೇ ಊಟಕ್ಕೆ ಬನ್ನಿ, ಮಗಾ ಉಣ್ಣು. ದಿನಾ. ಸೊಸೆಯಾದವಳು ಕರೀದೆ ಉಣ್ಣಬಾರದಲ್ಲ. ಮೊದಲು ಅಜ್ಜಿ ಹೂಂ ಅಂತಿದ್ಲು. ಆಮೇಲೆ ಒಂದಿನ, ಕೂಗಬೇಡ, ಕೂಗಿದ್ರೆ ಕಾಯಿಲೆ ಹಾರಿ ಬರುತ್ತೆ, ಸುಮ್ನೆ ಉಣ್ಣು ಅಂದ್ಲು. ಅವತ್ತಿಂದ ಆ ಕಡೆ ಶಬ್ದ ನಿಂತೋಯ್ತು. ತಟ್ಟೆ ತರೋಕೆ ಹೋದ್ರೆ ಅನ್ನ ಹಾಗೇ ಇರ್ತಿತ್ತು. ಎಲ್ಲರೂ ಅವಳು ಕ್ಷಯದಲ್ಲಿ ಸತ್ಲು ಅಂತಾರೆ. ಅದಕ್ಕಿಂತ ಮುಂಚೆ ಅವಳು ಅನ್ನ ಬಿಟ್ಟಿದ್ಲು ಕಣಮ್ಮ. ಅದು ನಂಗೊಬ್ಬನಿಗೇ ಗೊತ್ತು."

ಲುವಾ ಬಾಯಿ ಮೇಲಿನ ಬಟ್ಟೆಯನ್ನು ಒತ್ತಿ ಹಿಡಿದುಕೊಂಡು ನಿಂತಳು. ಇಷ್ಟು ದಿನ ಅವಳು ಇಟ್ಟದ್ದು ಬಟ್ಟಲು. ಮಾವ ಅದರಲ್ಲಿ ನೋಡುತ್ತಿದ್ದದ್ದು ಇದನ್ನು. ತ್ವಾನ್ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ. ಅವನೂ ಈ ಮಾತನ್ನು ಹಿಂದೆಂದೂ ಕೇಳಿರಲಿಲ್ಲ.

"ನಾಲ್ಕು ಬಟ್ಟಲು ಇಟ್ಟೆಯಲ್ಲ, ಅವತ್ತು ನಂಗೆ ಅನ್ನಿಸಿದ್ದು ಒಂದೇ. ಈಗ ನನ್ನ ಸರದಿ ಅಂತ" ಅಂದ ಅಜ್ಜ.

"ಅಪ್ಪಾ, ಒಂದು ಮಾತು ಹೇಳಬಾರದಿತ್ತಾ ನಂಗೆ?"

"ಏನಂತ ಹೇಳ್ಲಿ? ನೀನು ಹೇಳಿದ್ದು ಸರಿಯಾಗೇ ಇತ್ತಲ್ಲ."

ಆಗ ಮುಚ್ಚಿದ ಬಾಗಿಲ ಆಚೆಯಿಂದ ಮಿಯಾಳ ಧ್ವನಿ ಬಂತು. ಮೂಗು ಕಟ್ಟಿತ್ತು, ಗಂಟಲು ಒಡೆದಿತ್ತು. ತಟ್ಟೆ ಕುಕ್ಕಿದ ಶಬ್ದ ಅವಳಿಗೆ ಕೇಳಿಸಿತ್ತು. ಊಟ ಶುರುವಾಯಿತು ಎಂದುಕೊಂಡಿದ್ದಳು.

"ಅಜ್ಜ ಊಟಕ್ಕೆ ಬನ್ನಿ. ಅಪ್ಪ ಊಟಕ್ಕೆ ಬನ್ನಿ. ಅಮ್ಮ ಊಟಕ್ಕೆ ಬನ್ನಿ."

ಅಜ್ಜ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುವುದನ್ನು ನೋಡಿ ಲುವಾಳಿಗೆ ಇನ್ನು ತಡೆಯಲಾಗಲಿಲ್ಲ.

"ಬಂದ್ವಿ ಕಣೆ!" ಎಂದು ಗಟ್ಟಿಯಾಗಿ ಕೂಗಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಏನು ಕಂಬದ ಹಾಗೆ ನಿಂತಿದೀಯ? ಹರಿವಾಣದ ಆ ಕಡೆ ಹಿಡಿ. ಇಲ್ಲಿಗೆ ತಾ."

"ಎಲ್ಲಿಗೆ? ಈ ಓಣಿಗಾ?"

"ಹೂಂ, ಈ ಓಣಿಗೇ. ಇವತ್ತಿಂದ ನಮ್ಮನೆ ಊಟದ ಮನೆ ಇದೇ."

ಹರಿವಾಣ ನಡುಹಾದಿಗೆ ಬಂತು. ಜಾಗ ಎಷ್ಟು ಕಿರಿದು ಅಂದರೆ ತ್ವಾನ್ ಅರ್ಧ ಅಡುಗೆಮನೆಯಲ್ಲಿ, ಅರ್ಧ ಹೊರಗೆ ಕೂತ. ಹಿಂದಿನ ಕೋಣೆಯ ಬಾಗಿಲನ್ನು ಲುವಾ ಪೂರ್ತಿ ತೆಗೆದಳು, ಒಳಗೆ ಕಿಟಕಿಯನ್ನೂ ಇನ್ನೊಂದಿಷ್ಟು ತೆಗೆದಳು. ಚಳಿ ಸುಯ್ಯನೆ ನುಗ್ಗಿತು. ಎಲ್ಲರಿಗೂ ರಜಾಯಿ ಹೊದಿಸಿದಳು. ಅಜ್ಜನನ್ನು ಹರಿವಾಣದ ಈ ತುದಿಯಲ್ಲಿ, ಮಗುವಿನ ಮಂಚಕ್ಕೆ ಆದಷ್ಟು ದೂರ, ಆದರೆ ಮುಖಕ್ಕೆ ಮುಖ ಕಾಣುವ ಹಾಗೆ ಕೂರಿಸಿದಳು. ಮಗುವಿನ ತಟ್ಟೆಯನ್ನು ಮಂಚದ ಮೇಲಿಟ್ಟು ಬಂದಳು. ನಾಲ್ಕು ಬಟ್ಟಲಿಗೂ ಮೀನಿನ ರಸ ಹುಯ್ಯಲು ಹೊರಟವಳು ಸೌಟನ್ನು ಮಾವನ ಕೈಗೆ ಕೊಟ್ಟಳು.

"ನೀವೇ ಹಾಕಿ. ಯಾರಿಗೆ ಎಷ್ಟು ಅಂತ ನಿಮಗೇ ಗೊತ್ತು."

ಅಜ್ಜ ಸೌಟು ತೆಗೆದುಕೊಂಡ. ತ್ವಾನ್‌ಗೆ ಮೆಣಸಿನಕಾಯಿ ಸೇರಿಸಿ ಹಾಕಿದ, ಲುವಾಳದಕ್ಕೆ ನಿಂಬೆ ಹಿಂಡಿದ, ಮಗುವಿನದಕ್ಕೆ ನೀರು ಬೆರೆಸಿ ಖಾರವಿಲ್ಲದೆ ಮಾಡಿದ. ತನ್ನದಕ್ಕೆ ಕೊನೆಯಲ್ಲಿ ಹುಯ್ದುಕೊಂಡ. ಮೀನಿನ ಕೆನ್ನೆಯ ತುಂಡನ್ನು ಬೇರೆ ಕಡ್ಡಿಯಲ್ಲಿ ಎತ್ತಿ, "ಇದನ್ನ ಅವಳಿಗೆ ದಾಟಿಸು" ಎಂದು ಲುವಾಳಿಗೆ ಕೊಟ್ಟ.

"ಅಜ್ಜಾ, ಉಣ್ತಿದೀರಾ?" ಒಳಗಿನಿಂದ ವಿಚಾರಣೆ.

"ಉಣ್ತಿದೀನಿ ಕಣವ್ವ. ನೀನು ಉಣ್ಣು."

"ಸುಳ್ಳು. ಶಬ್ದಾನೇ ಬರ್ತಿಲ್ಲ."

ಅಜ್ಜ ಹುಳಿ ದಂಟಿನ ಒಂದು ದೊಡ್ಡ ತುಂಡು ರಸದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ. ಉಳಿದಿರುವ ಹಲ್ಲುಗಳಲ್ಲೆಲ್ಲ ಕರಂ ಕರಂ ಎಂದು ಅಗಿದ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಅವನು ಒರೆಸಿಕೊಳ್ಳಲೂ ಇಲ್ಲ.

"ಈಗ ಕೇಳಿಸ್ತಾ?"

"ಹೂಂ. ಈಗ ನಂದು." ಒಳಗೆ ಚಮಚ ಬಟ್ಟಲಿಗೆ ತಾಗಿತು, ಗಂಜಿ ಸೊರ್ರನೆ ಒಳಗೆ ಹೋಯಿತು. "ಈಗ ನಿಮ್ಮದು ಅಜ್ಜ."

"ಬಂತು ನೋಡು."

ಹೀಗೇ ನಡೆಯಿತು, ಒಂದು ತುತ್ತು ಇಲ್ಲಿ, ಒಂದು ಚಮಚ ಅಲ್ಲಿ. ಮಗು ಮೋಸ ಮಾಡಲು ನೋಡಿದರೆ ಅಜ್ಜ ಕಂಡುಹಿಡಿಯುತ್ತಿದ್ದ, ಅಜ್ಜ ತಡ ಮಾಡಿದರೆ ಮಗು ಬೈಯುತ್ತಿತ್ತು. ತ್ವಾನ್ ತನ್ನ ಊಟ ಮರೆತು ಇಬ್ಬರನ್ನೂ ನೋಡುತ್ತಿದ್ದ. ಮೂಳೆಸಾರು ಆರಿತು, ಯಾರೂ ಅದನ್ನು ಮತ್ತೆ ಬಿಸಿ ಮಾಡಬೇಕು ಎನ್ನಲಿಲ್ಲ. ಮೊದಲ ಬಟ್ಟಲು ಅನ್ನ ಮುಗಿದದ್ದು ಅಜ್ಜನಿಗೇ ತಿಳಿಯಲಿಲ್ಲ. ಖಾಲಿ ಬಟ್ಟಲಿನ ತಳಕ್ಕೆ ಕಡ್ಡಿ ತಾಗಿದಾಗ ಬೆಚ್ಚಿ ನೋಡಿದ.

ಇನ್ನಷ್ಟು ಬೇಕಾ ಎಂದು ಲುವಾ ಕೇಳಲಿಲ್ಲ. ಕೇಳಿದರೆ ಸಾಕು ಅನ್ನುತ್ತಾನೇನೋ ಎಂದು ಅವಳಿಗೆ ಭಯ. ಅನ್ನದ ಪಾತ್ರೆಯ ಮೇಲೆ ಸೌಟು ಹಿಡಿದು ಕೂತಳು.

"ಅಜ್ಜಾ!" ಒಳಗಿನಿಂದ ಕೂಗು. "ನಿಮ್ಮ ಸರದಿ! ನಂದು ಇನ್ನೂ ಅರ್ಧ ಇದೆ!"

ಅಜ್ಜ ಖಾಲಿ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಸೊಸೆಯ ಕಡೆ ನೀಡಿದ.

"ಒತ್ತಿ ಹಾಕಮ್ಮ" ಅಂದ. "ಅವಳು ನಿಲ್ಲಿಸೋ ತನಕ ನಾನು ನಿಲ್ಲಿಸೋ ಹಾಗಿಲ್ಲ."